ಪರಿಮಳವನ್ನು ತೂಗುವುದು ಹೇಗೆ?

ಸುಗಂಧರಾಜದ ಒಂದೆರಡು ದಂಟುಗಳನ್ನು ಸಂಜೆಯ ಹೊತ್ತು ಕೋಣೆಯಲ್ಲಿಟ್ಟರೆ, ದೀಪ ಹಚ್ಚುವ ವೇಳೆಗೆ ಅವುಗಳ ಕಂಪು ಮೂಲೆಮೂಲೆಯನ್ನೂ ತುಂಬಿರುತ್ತದೆ. ಮೊದಲು ಅದು ಹಿತವೆನಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕೆಲವರಿಗೆ ತಲೆ ಭಾರವಾಗುತ್ತದೆ. ಅಲ್ಲಿಯೇ ಕುಳಿತು ಓದುತ್ತಿರುವವರಿಗಾದರೋ ಹೂವು ಇದೆಯೆಂಬುದೇ ಮರೆತುಹೋಗುತ್ತದೆ. ಆಗ ಹೊರಗಿನಿಂದ ಬಂದವರು ಹೊಸ್ತಿಲಲ್ಲೇ ನಿಂತು, "ಅಬ್ಬಾ, ಏನು ವಾಸನೆ!" ಎನ್ನುತ್ತಾರೆ. ಹೂವು ಒಂದೇ, ಗಾಳಿಯೂ ಒಂದೇ. ಅಭಿಪ್ರಾಯಗಳು ಮಾತ್ರ ಹಲವು.

ಇಂಥ ಹೂವಿನ ಕಂಪನ್ನು ಸೀಸೆಯಲ್ಲಿ ತುಂಬಿದಾಗ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಆಡುಮಾತಿನಲ್ಲಿ 'ಸೆಂಟು' ಎನಿಸಿಕೊಳ್ಳುವ ಪರಿಮಳದ್ರವ್ಯಗಳಲ್ಲಿ, ಸ್ತ್ರೀಯರಿಗೆಂದೇ ತಯಾರಾಗುವ, ಬಿಳಿ ಹೂಗಳ ಮಧುರವೂ ಪ್ರಬಲವೂ ಆದ ಒಂದು ವರ್ಗವುಂಟು. ಇಂಥದನ್ನು ಕೊಳ್ಳುವಾಗ ಗುಣವನ್ನು ತಿಳಿಯುವುದು ಹೇಗೆ? ಧರಿಸುವಾಗ ಎಷ್ಟು ಸಾಕು? ಇದು ಬರಿಯ ಅಲಂಕಾರದ ಮಾತೆಂದು ತಳ್ಳಿಬಿಡುವವರುಂಟು. ಆದರೆ ಇದರಲ್ಲಿ ರಸಾಯನಶಾಸ್ತ್ರವಿದೆ, ಶರೀರಶಾಸ್ತ್ರವಿದೆ. ನೆರೆಯಲ್ಲಿ ಕುಳಿತವರ ಉಸಿರಿನ ಪ್ರಶ್ನೆಯೂ ಇದೆ.

ಗದ್ದಲವೆಂಬ ಹೆಸರು

ಈ ವರ್ಗದ ಪ್ರಸಿದ್ಧ ನಿದರ್ಶನ 'ಫ್ರಾಕಾ'. ಪ್ಯಾರಿಸ್ಸಿನಲ್ಲಿ ಉಡುಪುಗಳ ವಿನ್ಯಾಸಕ್ಕೆ ಹೆಸರಾಗಿದ್ದ ರೋಬೇರ್ ಪಿಗೇ ಅವರ ಸಂಸ್ಥೆಗಾಗಿ ಜರ್ಮೇನ್ ಸೆಲಿಯೇ ಎಂಬಾಕೆ 1948ರಲ್ಲಿ ಇದನ್ನು ರಚಿಸಿದರು. ಪರಿಮಳ ಸಂಯೋಜನೆ ಬಹುಮಟ್ಟಿಗೆ ಗಂಡಸರ ವೃತ್ತಿಯಾಗಿದ್ದ ಕಾಲದಲ್ಲಿ ಹೆಸರು ಗಳಿಸಿದ ಮೊದಲ ಮಹಿಳೆಯರಲ್ಲಿ ಆಕೆಯೊಬ್ಬರು. ಫ್ರೆಂಚ್ ಭಾಷೆಯಲ್ಲಿ 'ಫ್ರಾಕಾ' ಎಂದರೆ ಗದ್ದಲ. ಸುಗಂಧರಾಜವೇ ಪ್ರಧಾನವಾಗಿ, ಮಲ್ಲಿಗೆ, ಕಿತ್ತಳೆ ಹೂಗಳ ಕಂಪು ಕೂಡಿಕೊಂಡಿರುವ ಈ ದ್ರವ್ಯಕ್ಕೆ ಆ ಹೆಸರು ಸಲ್ಲುವಂಥದೇ.

ಸುಗಂಧರಾಜದ ತವರು ಮೆಕ್ಸಿಕೋ ದೇಶ. ಅಲ್ಲಿಂದ ಯೂರೋಪಿಗೂ ನಮ್ಮ ನಾಡಿಗೂ ಬಂದು, ಇಲ್ಲಿ ಮದುವೆಯ ಹಾರಗಳಲ್ಲಿ ಮನೆಮಾಡಿಕೊಂಡಿತು. ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯವರು 'ಶೃಂಗಾರ್', 'ಸುವಾಸಿನಿ', 'ಪ್ರಜ್ವಲ್' ಮೊದಲಾದ ತಳಿಗಳನ್ನು ಬೆಳೆಸಿ ಕೊಟ್ಟಿದ್ದಾರೆ. ಜಗತ್ತಿನ ಪರಿಮಳೋದ್ಯಮಕ್ಕೆ ಸುಗಂಧರಾಜದ ಸಾರವನ್ನು ಒದಗಿಸುವ ಮುಖ್ಯ ದೇಶಗಳಲ್ಲಿ ಇಂದು ಭಾರತವೂ ಒಂದು.

ಸುಗಂಧರಾಜಕ್ಕೂ ಮಲ್ಲಿಗೆಗೂ ಒಂದು ವಿಶೇಷವಿದೆ. ಕಿತ್ತ ಮೇಲೂ ಇವು ಗಂಧವನ್ನು ತಯಾರಿಸುತ್ತಲೇ ಇರುತ್ತವೆ. ಇವುಗಳ ನವುರಾದ ಕಂಪು ಕುದಿನೀರಿನ ಶಾಖವನ್ನು ಸಹಿಸದು. ಆದುದರಿಂದ ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದವರು ಹಿಂದೆ ಒಂದು ಉಪಾಯವನ್ನು ಬಳಸುತ್ತಿದ್ದರು. ಗಾಜಿನ ಹಲಗೆಯ ಮೇಲೆ ಶುದ್ಧವಾದ ಕೊಬ್ಬನ್ನು ಬಳಿದು, ಅದರ ಮೇಲೆ ಹೂಗಳನ್ನು ಹರಡುವುದು. ಅವು ಬಾಡಿದ ಮೇಲೆ ತೆಗೆದು ಹೊಸ ಹೂಗಳನ್ನಿಡುವುದು. ಹಲವು ಸಲ ಹೀಗೆ ಮಾಡಿದರೆ ಕೊಬ್ಬು ಗಂಧವನ್ನು ತುಂಬಿಕೊಳ್ಳುತ್ತದೆ. ಅದನ್ನು ಮದ್ಯಸಾರದಲ್ಲಿ ತೊಳೆದರೆ ಗಂಧ ಮದ್ಯಸಾರಕ್ಕೆ ಇಳಿಯುತ್ತದೆ. ಇಂದು ಈ ಕೆಲಸವನ್ನು ಸಾಮಾನ್ಯವಾಗಿ ಹೆಕ್ಸೇನ್ ಎಂಬ ದ್ರಾವಕದಿಂದ ಮಾಡುತ್ತಾರೆ.

ಆ ಸಾರದಲ್ಲಿರುವುದೇನು? ಮೀಥೈಲ್ ಬೆಂಜೊಯೇಟ್ ಇದೆ. ನೋವಿನ ಮುಲಾಮುಗಳಿಗೆ ವಾಸನೆ ಕೊಡುವ ಮೀಥೈಲ್ ಸ್ಯಾಲಿಸಿಲೇಟ್ ಇದೆ. ಇಂಡೋಲ್ ಎಂಬ ವಸ್ತುವೂ ಇದೆ. ಮಲದ ದುರ್ವಾಸನೆಗೆ ಕಾರಣವಾದ ವಸ್ತುಗಳಲ್ಲಿ ಇಂಡೋಲ್ ಒಂದೆಂದರೆ ವಾಚಕರು ನಂಬಲಾರರು. ಹೆಚ್ಚಾದರೆ ಅದು ಅಸಹ್ಯ. ಲೇಶಮಾತ್ರವಿದ್ದರೆ ಅದೇ ಹೂವಿನ ಜೀವ. ಅದನ್ನು ಪೂರ್ತಿಯಾಗಿ ತೆಗೆದರೆ ಮಲ್ಲಿಗೆಯ ಕಂಪು ಸಪ್ಪೆಯಾಗುತ್ತದೆ. ಪರಿಮಳದ ಲೋಕದಲ್ಲಿ ಪ್ರಮಾಣವೇ ಗುಣವನ್ನು ನಿರ್ಧರಿಸುತ್ತದೆಂಬ ಈ ಪಾಠವನ್ನು ಮುಂದೆಯೂ ನೆನಪಿಡಬೇಕು.

ಮೂರು ಅಂಕಗಳ ನಾಟಕ

ಸೀಸೆಯೊಳಗಿನ ವಸ್ತುಗಳೆಲ್ಲ ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ಹಗುರವಾದ ಅಣುಗಳು ಬೇಗ ಹಾರುತ್ತವೆ, ಭಾರವಾದವು ಸಾಮಾನ್ಯವಾಗಿ ನಿಧಾನಿಸುತ್ತವೆ. ಮೊದಲು ಹೋಗುವುದು ಮದ್ಯಸಾರ. ಅದರೊಡನೆಯೇ ಹೊರಡುವುದು ನಿಂಬೆ, ಕಿತ್ತಳೆ ಸಿಪ್ಪೆಗಳಲ್ಲಿರುವ, 136 ಅಣುಭಾರದ ಲಿಮೊನೀನಿನಂಥ ವಸ್ತುಗಳು. ಇದು ಮೊದಲ ಅಂಕ. ಕೆಲವೇ ನಿಮಿಷಗಳ ಆಟ. ಬಳಿಕ ಹೂಗಳ ಅಂಕ. ಇದು ಕೆಲವು ಗಂಟೆಗಳ ಕಾಲ ನಡೆಯುತ್ತದೆ. ಕೊನೆಗೆ ಉಳಿಯುವುವು ಶ್ರೀಗಂಧ, ಕಸ್ತೂರಿಯಂಥ ವಾಸನೆಗಳು. ಶ್ರೀಗಂಧದ ಎಣ್ಣೆಯ ಮುಖ್ಯಾಂಶವಾದ ಸ್ಯಾಂಟಲಾಲಿನ ಅಣುಭಾರ 220. 1916ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯ ಗಂಧದೆಣ್ಣೆಯನ್ನು ಹೊರದೇಶದ ಪರಿಮಳಕಾರರು ಆದರಿಸಿದುದಕ್ಕೆ ಈ ನಿಧಾನಗುಣವೂ ಒಂದು ಕಾರಣ.

ಆದುದರಿಂದ ಅಂಗಡಿಯಲ್ಲಿ ಸೀಸೆಯ ಬಾಯನ್ನು ಮೂಸಿ ತೀರ್ಪು ಕೊಡುವುದು, ಸೂತ್ರಧಾರನ ಮಾತನ್ನಷ್ಟೇ ಕೇಳಿ ನಾಟಕವನ್ನು ವಿಮರ್ಶಿಸಿದಂತೆ. ಮಾರುವವರಿಗೂ ಇದು ತಿಳಿಯದ ಸಂಗತಿಯಲ್ಲ. ಮೊದಲ ಐದು ನಿಮಿಷ ಮನಸೆಳೆಯುವಂತೆ ಮಾಡಿ, ಮುಂದಿನ ಐದು ಗಂಟೆಗಳನ್ನು ಅಲಕ್ಷಿಸಿದ ದ್ರವ್ಯಗಳು ಬೇಕಾದಷ್ಟಿವೆ.

ಮೂಗಿನ ನ್ಯಾಯ

ಇನ್ನು ತೀರ್ಪು ಕೊಡುವ ಮೂಗಿನ ವಿಚಾರ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ವಿಜ್ಞಾನಿಗಳು ವಾಸನೆಯ ಗ್ರಾಹಕಗಳನ್ನು ನಿರ್ಮಿಸುವ ಜೀನುಗಳ ಸಮೂಹವನ್ನು 1991ರಲ್ಲಿ ವರ್ಣಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಮನುಷ್ಯನ ಮೂಗಿನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆಯವು. ಎಲ್ಲರಲ್ಲಿಯೂ ಇವು ಒಂದೇ ತೆರನಾಗಿರುವುದಿಲ್ಲ. ವಯೊಲೆಟ್ ಹೂವಿನ ಕಂಪನ್ನು ಹೋಲುವ ಬೀಟಾ ಅಯನೋನ್ ಎಂಬ ವಸ್ತು ಕೆಲವರಿಗೆ ಸ್ಪಷ್ಟವಾಗಿ ಹೂವಿನಂತೆ ತೋರುತ್ತದೆ. ಒಂದೇ ಒಂದು ಜೀನಿನ ವ್ಯತ್ಯಾಸವುಳ್ಳ ಬೇರೆಯವರಿಗೆ ಅದು ತೀರ ಮಂದ. ಹಾಗಿರುವಾಗ "ನಿನಗೆ ವಾಸನೆಯೇ ತಿಳಿಯದು" ಎಂದು ಗೆಳತಿಯನ್ನು ಹಳಿಯುವುದು ನ್ಯಾಯವಲ್ಲ.

ನೆನಪೂ ಈ ತೀರ್ಪಿನಲ್ಲಿ ಕೈಹಾಕುತ್ತದೆ. ಸಿಹಿ ಎಂಬುದು ನಿಜವಾಗಿ ನಾಲಗೆಯ ಅನುಭವ. ವೆನಿಲ್ಲಾದ ವಾಸನೆಯನ್ನು ನಾವು ಸಿಹಿಯೆನ್ನುವುದು ಬಹುಮಟ್ಟಿಗೆ ಅದನ್ನು ಸಿಹಿತಿಂಡಿಗಳೊಡನೆ ಸವಿದ ಅಭ್ಯಾಸದಿಂದ. ಸುಗಂಧರಾಜ ವಧೂವರರ ಕೊರಳಿಗೂ ಬೀಳುತ್ತದೆ, ಶವದ ಮೇಲೂ ಬೀಳುತ್ತದೆ. ಯಾವ ನೆನಪು ಗಾಢವೋ ಆ ಬಣ್ಣವೇ ಅದರ ಕಂಪಿಗೂ ಅಂಟಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಮೂಗಿನ ದಣಿವು. ವಾಸನೆಯ ಅಣು ಗ್ರಾಹಕವನ್ನು ಮುಟ್ಟಿದಾಗ ನರಕೋಶದೊಳಕ್ಕೆ ಕ್ಯಾಲ್ಸಿಯಮ್ ನುಗ್ಗಿ ಸಂಕೇತ ಹೊರಡುತ್ತದೆ. ಅದೇ ಕ್ಯಾಲ್ಸಿಯಮ್ ಮರುಕ್ಷಣದಲ್ಲಿ ಆ ಕೋಶದ ಉತ್ಸಾಹವನ್ನು ತಗ್ಗಿಸುತ್ತದೆ. ಬದಲಾಗದ ವಾಸನೆಯನ್ನು ಮಿದುಳೂ ಕಡೆಗಣಿಸುತ್ತದೆ. ಹೊಗೆಯೋ ಹಳಸಿದ ಅನ್ನವೋ ಹೊಸದಾಗಿ ಬಂದರೆ ಎಚ್ಚರಿಸಬೇಕಾದ ಇಂದ್ರಿಯಕ್ಕೆ ಇದು ಉಪಕಾರವೇ. ಆದರೆ ಪರಿಮಳ ಧರಿಸಿದವರಿಗೆ ಇದು ಬಲೆ. ಕೆಲವೇ ನಿಮಿಷಗಳಲ್ಲಿ ತಮ್ಮ ಪರಿಮಳ ತಮಗೇ ಮಂದವಾಗುತ್ತದೆ. ಆರಿಹೋಯಿತೆಂದು ಬಗೆದು ಮತ್ತೆ ಸಿಂಪಡಿಸುತ್ತಾರೆ. ದಿನವೂ ಒಂದನ್ನೇ ಬಳಸುವವರಲ್ಲಿ ಈ ಮಾಂದ್ಯ ಇನ್ನೂ ಬೇಗ ಬರುತ್ತದೆ. ತನ್ನ ಪರಿಮಳದ ಪ್ರಮಾಣವನ್ನು ಅಳೆಯಲು ಅತ್ಯಂತ ಅಯೋಗ್ಯವಾದ ಮೂಗು ಧರಿಸಿದವರದೇ!

ಪರೀಕ್ಷೆಯ ಕ್ರಮ

ಹಾಗಾದರೆ ತೂಗುವ ಬಗೆ ಯಾವುದು? ಮೊದಲು ಕಾಗದದ ಪಟ್ಟಿಯ ಮೇಲೆ ಒಂದು ಹನಿ ಹಾಕಿ, ಮದ್ಯಸಾರ ಆರಲು ಒಂದೆರಡು ನಿಮಿಷ ಬಿಡಬೇಕು. ಒಂದು ಸಲಕ್ಕೆ ಎರಡು ಮೂರು ಮಾದರಿಗಳಿಗಿಂತ ಹೆಚ್ಚನ್ನು ಮೂಸಬಾರದು. ನಡುನಡುವೆ ಕಾಫಿ ಬೀಜವನ್ನು ಮೂಸಿದರೆ ಮೂಗು ಶುದ್ಧವಾಗುತ್ತದೆಂದು ಅಂಗಡಿಗಳಲ್ಲಿ ಹೇಳುವುದುಂಟು; ಆದರೆ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬರಿಯ ಗಾಳಿಗಿಂತ ಕಾಫಿ ಬೀಜ ಮೇಲೆನಿಸಲಿಲ್ಲ. ಹೊರಗೆ ಹೋಗಿ ನಾಲ್ಕು ಉಸಿರು ಎಳೆದುಕೊಂಡರೆ ಸಾಕು.

ಮೆಚ್ಚಿಗೆಯಾದ ಒಂದನ್ನು ಮಾತ್ರ ಮಣಿಕಟ್ಟಿನ ಮೇಲೆ ಹಾಕಿ ನೋಡಬೇಕು. ಹತ್ತು ನಿಮಿಷ, ಎರಡು ಗಂಟೆ, ಆರು ಗಂಟೆ ಕಳೆದಾಗ ತೋರಿದುದನ್ನು ಬರೆದಿಡುವುದು ಲೇಸು. ಆಗ ಕೇಳಿಕೊಳ್ಳತಕ್ಕ ಪ್ರಶ್ನೆಗಳು ಮೂರು. ಮಾಧುರ್ಯಕ್ಕೆ ಎದುರಾಗಿ ಹಸಿರೆಲೆಯ ಒಗರೋ ಮರದ ಒಣಗಂಪೋ ಇದೆಯೆ, ಅಥವಾ ಬರಿಯ ಸಕ್ಕರೆಪಾಕವೆ? ಒಂದು ಅಂಕ ಮುಗಿದು ಇನ್ನೊಂದು ಬರುವಾಗ ನಡುವೆ ಬರಿದೆನಿಸುತ್ತದೆಯೆ? ಕೊನೆಗೆ ಚರ್ಮದ ಮೇಲೆ ಉಳಿದುದು ಹಿತವಾಗಿದೆಯೆ? ಪ್ರಾಬಲ್ಯವೊಂದೇ ಗುಣವಲ್ಲ, ದೋಷವೂ ಅಲ್ಲ. ಎತ್ತರದ ದನಿಯಲ್ಲಿ ಹಾಡುವವರು ಶ್ರುತಿ ತಪ್ಪದಿದ್ದರೆ ಕೇಳಲು ಸೊಗಸಲ್ಲವೆ?

ಧರಿಸುವ ಕ್ರಮ

ಎಷ್ಟು ಹಾಕಬೇಕೆಂಬುದು ಸೀಸೆಯ ಮೇಲಣ ಹೆಸರನ್ನೂ ಅವಲಂಬಿಸಿದೆ. 'ಪರ್ಫ್ಯೂಮ್' ಎಂಬುದರಲ್ಲಿ ಸುಗಂಧಸಾರ ಸಾಮಾನ್ಯವಾಗಿ ಶೇಕಡ 20ರ ಆಸುಪಾಸು. 'ಓ ದ ತ್ವಾಲೆತ್' ಎಂಬುದರಲ್ಲಿ ಶೇಕಡ 5ರಿಂದ 15. 'ಕೊಲೋನ್'ನಲ್ಲಿ ಇನ್ನೂ ಕಡಿಮೆ. ಇನ್ನೊಂದು ಲೆಕ್ಕವುಂಟು. ಪ್ರಮಾಣವನ್ನು ಇಮ್ಮಡಿ ಮಾಡಿದರೆ ವಾಸನೆಯ ತೀಕ್ಷ್ಣತೆ ಇಮ್ಮಡಿಯಾಗುವುದಿಲ್ಲ. ಅನೇಕ ವಾಸನೆಗಳ ವಿಷಯದಲ್ಲಿ ಇಮ್ಮಡಿ ತೀಕ್ಷ್ಣತೆಗೆ ಸುಮಾರು ನಾಲ್ಕು ಪಟ್ಟು ದ್ರವ್ಯ ಬೇಕು. ಅಂತೆಯೇ, ಅತಿಯಾದುದನ್ನು ಅರ್ಧಕ್ಕಿಳಿಸಲು ಮುಕ್ಕಾಲು ಪಾಲನ್ನು ತೆಗೆಯಬೇಕಾಗುತ್ತದೆ. ಹಾಕುವಾಗಲೇ ಕೈ ಹಿಡಿದಿರುವುದು ಸುಲಭ.

ಬಿಳಿ ಹೂಗಳ ಪ್ರಬಲ ಪರಿಮಳಕ್ಕೆ ಒಂದೆರಡು ಹನಿ ಅಥವಾ ಒಂದು ಸಿಂಪಡಿಕೆ ಸಾಕು. ಬೇಸಗೆಯಲ್ಲಿ ಆವಿಯಾಗುವ ವೇಗ ಹೆಚ್ಚುವುದರಿಂದ ಇನ್ನೂ ಕಡಿಮೆ ಮಾಡಬಹುದು. ಸಾಕೇ ಎಂಬುದನ್ನು ಅರ್ಧ ಗಂಟೆಯ ಮೇಲೆ ಒಬ್ಬ ಗೆಳತಿಯನ್ನೋ ಮನೆಯವರನ್ನೋ ಕೇಳಿ ತಿಳಿಯಬೇಕು. ತೋಳಿನಳತೆಯ ದೂರದಲ್ಲಿ ನಿಂತವರಿಗೆ ಸುಳಿದಂತಾದರೆ ಸರಿ. ಕೋಣೆಯ ಆಚೆಗೂ ಹಬ್ಬಿದ್ದರೆ ಹೆಚ್ಚು.

ಇಷ್ಟೊಂದು ಕಟ್ಟಳೆ ಏತಕ್ಕೆಂದರೆ, ಪರಿಮಳ ಧರಿಸಿದವರ ಸ್ವತ್ತಾಗಿ ಉಳಿಯುವುದಿಲ್ಲ. ತರಗತಿಯಲ್ಲಿ, ಬಸ್ಸಿನಲ್ಲಿ, ಪರೀಕ್ಷೆಯ ಕೊಠಡಿಯಲ್ಲಿ ಅದನ್ನು ಎಲ್ಲರೂ ಉಸಿರಾಡಬೇಕು. ಉಬ್ಬಸವಿರುವ ಹಲವರಿಗೂ ಅರೆತಲೆನೋವಿನವರಲ್ಲಿ ಅನೇಕರಿಗೂ ಗಾಢವಾದ ಗಂಧ ಪೀಡೆಯನ್ನು ಕೆರಳಿಸುತ್ತದೆ. ಕೆಲವರ ಚರ್ಮಕ್ಕೆ ಇವು ಒಗ್ಗುವುದಿಲ್ಲ. ಹೂಗಳಲ್ಲಿ ಸಾಮಾನ್ಯವಾದ ಲಿನಲೂಲ್ ಕೂಡ ಗಾಳಿಯೊಡನೆ ಸೇರಿ ಮಾರ್ಪಟ್ಟಾಗ ಅಲರ್ಜಿಯನ್ನುಂಟುಮಾಡಬಲ್ಲದು. ಯೂರೋಪಿಯನ್ ಒಕ್ಕೂಟವು ಇಂಥ 26 ವಸ್ತುಗಳು ಗೊತ್ತಾದ ಮಿತಿಯನ್ನು ಮೀರಿದ್ದರೆ ಸೀಸೆಯ ಮೇಲೆ ಹೆಸರಿಸಬೇಕೆಂದು 2003ರಲ್ಲಿ ವಿಧಿಸಿತು. 2023ರ ನಿಯಮದಿಂದ ಆ ಪಟ್ಟಿ 80ನ್ನು ಮೀರಿದೆ. ಸೀಸೆಯನ್ನು ಬಿಸಿಲಿಗಿಡದೆ, ಬಿಗಿಯಾಗಿ ಮುಚ್ಚಿಡಬೇಕೆಂಬುದಕ್ಕೆ ಇದೂ ಒಂದು ಕಾರಣ.

ಕಣ್ಣಿಗೆ ಬೇಡವಾದುದನ್ನು ರೆಪ್ಪೆ ಮುಚ್ಚಿ ತಡೆಯಬಹುದು. ಮೂಗಿಗೆ ರೆಪ್ಪೆಯಿಲ್ಲ, ಉಸಿರು ನಿಲ್ಲಿಸಿ ಬಾಳುವಂತೆಯೂ ಇಲ್ಲ. ಸುಗಂಧರಾಜದ ಗದ್ದಲವನ್ನು ಮೆಚ್ಚಿ ಧರಿಸುವವರು ಇದನ್ನು ನೆನೆದು ಒಂದು ಹನಿಗೆ ನಿಂತರೆ, ತಮ್ಮ ಸಂತೋಷವೂ ಕೆಡುವುದಿಲ್ಲ, ನೆರೆಯವರ ನೆಮ್ಮದಿಯೂ ಕೆಡುವುದಿಲ್ಲ.