ಪವರ್ ಮೀಟರ್ ವೈರಿಂಗ್: ವೋಲ್ಟೇಜಿಗೆ ಫ್ಯೂಸ್, ಸಿಟಿಗೆ ಷಾರ್ಟಿಂಗ್ ಲಿಂಕ್

ಲಿಫ್ಟ್, ಬೋರ್‌ವೆಲ್ ಮೋಟಾರು, ಸಂಪಿನ ಪಂಪು ಇವುಗಳಿಗೆ ಎಷ್ಟು ವಿದ್ಯುತ್ ಖರ್ಚಾಗುತ್ತಿದೆ ಎಂದು ಅಳೆಯುವ ಸಾಧನವೇ ಪವರ್ ಮೀಟರ್. ಮೈಸೂರಿನ ದಟ್ಟಗಳ್ಳಿಯಂಥ ಬಡಾವಣೆಯ ವಸತಿ ಸಮುಚ್ಚಯದಲ್ಲಿ ಇದನ್ನು ಕೂರಿಸುವುದಾದರೆ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸೀಲು ಮಾಡಿದ ಮೀಟರಿನ ನಂತರ, ಕಟ್ಟಡದ ಸ್ವಂತ ಪ್ಯಾನೆಲ್ ಬೋರ್ಡಿನಲ್ಲೇ ಕೂರಿಸಬೇಕು. ನಿಗಮದ ಸೀಲು ಮುಟ್ಟುವಂತಿಲ್ಲ. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದು. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕರೆಂಟ್ ಇಲ್ಲವೆಂದು ಪರೀಕ್ಷಿಸಿದ ಮೇಲೆಯೇ ಕೈ ಹಾಕಬೇಕು.

ಮೀಟರಿಗೆ ಎರಡು ಬಗೆಯ ವೈರುಗಳು ಬರುತ್ತವೆ. ಎರಡರ ಅಪಾಯವೂ ಒಂದಕ್ಕೊಂದು ತದ್ವಿರುದ್ಧ: ವೋಲ್ಟೇಜಿನ ವೈರು ಷಾರ್ಟ್ ಆಗಬಾರದು, ಕರೆಂಟಿನ ವೈರು ಬಿಚ್ಚಿಕೊಳ್ಳಬಾರದು.

ವೋಲ್ಟೇಜಿಗಾಗಿ ಆರ್, ವೈ, ಬಿ ಫೇಸುಗಳಿಂದಲೂ ನ್ಯೂಟ್ರಲ್‌ನಿಂದಲೂ ಒಂದೊಂದು ಸಣ್ಣ ವೈರು ಎಳೆಯುತ್ತಾರೆ. ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಇರುತ್ತದೆ. ಈ ವೈರು ಎಲ್ಲಾದರೂ ತಾಗಿ ಷಾರ್ಟ್ ಆದರೆ ಬಸ್‌ಬಾರಿನ ಭಾರೀ ಕರೆಂಟೆಲ್ಲ ಅದರಲ್ಲೇ ನುಗ್ಗಿ ಬೆಂಕಿ ಹತ್ತೀತು. ಆದ್ದರಿಂದ ಪ್ರತಿ ಫೇಸಿಗೂ ಮೀಟರಿನ ಕೈಪಿಡಿ ಹೇಳಿದ ರೇಟಿಂಗಿನ ಫ್ಯೂಸನ್ನು, ಮೀಟರಿನ ಬಳಿಯಲ್ಲ, ವೈರು ತೆಗೆದ ಜಾಗದ ಹತ್ತಿರವೇ ಹಾಕಬೇಕು. ನ್ಯೂಟ್ರಲ್‌ಗೆ ಫ್ಯೂಸ್ ಬೇಡ.

ಕರೆಂಟನ್ನು ಅಳೆಯುವುದು ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ. ಫೇಸಿನ ಕೇಬಲ್ಲು ಅದರ ಬಳೆಯೊಳಗೆ ಹಾದುಹೋಗುತ್ತದೆ. 100/5 ಸಿಟಿಯಾದರೆ, ಕೇಬಲ್ಲಿನಲ್ಲಿ 40 ಆಂಪಿಯರ್ ಹರಿದಾಗ ಮೀಟರಿಗೆ 2 ಆಂಪಿಯರ್ ಬರುತ್ತದೆ. ಲೋಡು ಓಡುತ್ತಿರುವಾಗ ಸಿಟಿಯ ವೈರು ಬಿಚ್ಚಿದರೆ, ಕೇಬಲ್ಲಿನ ಕರೆಂಟೆಲ್ಲ ಸಿಟಿಯ ಕಬ್ಬಿಣದ ಕೋರನ್ನು ಕಾಂತಗೊಳಿಸುವುದಕ್ಕೇ ಬಳಕೆಯಾಗಿ, ಬಿಚ್ಚಿದ ತುದಿಗಳಲ್ಲಿ ವೋಲ್ಟೇಜು ಸಾವಿರಾರು ವೋಲ್ಟ್‌ವರೆಗೂ ಏರಬಹುದು. ಮುಟ್ಟಿದವರ ಪ್ರಾಣಕ್ಕೇ ಅಪಾಯ; ಸಿಟಿಯೂ ಸುಟ್ಟುಹೋಗಬಹುದು. ಅದಕ್ಕೇ ಸಿಟಿಯ ವೈರಿಗೆ ಫ್ಯೂಸನ್ನಾಗಲಿ ಸ್ವಿಚ್ಚನ್ನಾಗಲಿ ಹಾಕುವುದಿಲ್ಲ. ಸಿಟಿಗೂ ಮೀಟರಿಗೂ ನಡುವೆ, ಸಿಟಿಯ ಎರಡು ವೈರುಗಳನ್ನು ಒಂದಕ್ಕೊಂದು ಸೇರಿಸುವ ಷಾರ್ಟಿಂಗ್ ಲಿಂಕ್ ಇರುವ ಟರ್ಮಿನಲ್ ಬ್ಲಾಕ್ ಇಟ್ಟು, ಮೀಟರ್ ಬಿಚ್ಚುವ ಮೊದಲು ಲಿಂಕ್ ಹಾಕಬೇಕು. ಮತ್ತೆ ಜೋಡಿಸಿದ ನಂತರವಷ್ಟೇ ತೆಗೆಯಬೇಕು. ಸಿಟಿಯಿಂದ ಮೀಟರಿಗೆ ಹೋಗುವ ಎರಡು ತುದಿಗಳಲ್ಲಿ ಎಸ್2 ಎಂಬ ಗುರುತಿರುವ ತುದಿಗೆ ಅರ್ಥಿಂಗ್ ಕೊಡಬೇಕೆಂದು ಕೈಪಿಡಿಯಲ್ಲಿದ್ದರೆ, ಒಂದೇ ಜಾಗದಲ್ಲಿ ಕೊಡಬೇಕು.

ಸಿಟಿಯ ಬಳೆಯಲ್ಲಿ ಪಿ1 ಎಂಬ ಗುರುತಿರುವ ಮುಖ ಸಪ್ಲೈ ಕಡೆಗಿರಬೇಕು. ಆರ್ ಫೇಸಿನ ಸಿಟಿ ಆರ್ ವೋಲ್ಟೇಜಿಗೇ ಜೋಡಿಯಾಗಬೇಕು. ಸಮನಾದ ಲೋಡಿನಲ್ಲಿ ಒಂದೇ ಒಂದು ಸಿಟಿ ತಿರುಗುಮುರುಗಾದರೂ ಎರಡು ಫೇಸಿನ ಲೆಕ್ಕದಿಂದ ಒಂದು ಫೇಸಿನದು ಕಳೆದುಹೋಗುತ್ತದೆ. 60 ಯೂನಿಟ್ ಬಳಸಿದ್ದರೆ ಮೀಟರ್ 20 ಯೂನಿಟ್ ತೋರಿಸುತ್ತದೆ.

ಸಪ್ಲೈ ಕೊಟ್ಟ ಮೇಲೆ ಮೀಟರಿನಲ್ಲಿ ಸಿಟಿಯ ಅನುಪಾತ ಸರಿಯಾಗಿ ನಮೂದಾಗಿದೆಯೇ ನೋಡಿ, ಪಂಪು ಓಡಿಸಿ, ಮೂರೂ ಫೇಸಿನ ಆಂಪಿಯರನ್ನು ಕ್ಲ್ಯಾಂಪ್ ಮೀಟರಿನ ಅಂಕಿಯೊಂದಿಗೆ ತಾಳೆ ನೋಡಬೇಕು. ಯಾವ ಫೇಸಿನಲ್ಲೂ ಕಿಲೋವ್ಯಾಟ್ ಮೈನಸ್ ಬರಬಾರದು.