ಸಹಿ ಹಾಕಿದ ಮಾತ್ರಕ್ಕೆ ಜಿಮ್ಮಿನ ದುಡ್ಡು ಮುಳುಗಿತೇ?

ನಮ್ಮ ಬಯಲುಸೀಮೆಗೆ ಗರಡಿಮನೆ ಹೊಸದಲ್ಲ. ಮಟ್ಟಿಗೆ ಇಳಿಯುವ ಹುಡುಗ ಉಸ್ತಾದರಿಗೆ ಕೈಮುಗಿಯುತ್ತಿದ್ದನೇ ಹೊರತು ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ. ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲೂ ಜಿಮ್ಮಿಗೆ ಸೇರಬೇಕೆಂದರೆ ಮೊದಲು ಫಾರಂ ತುಂಬಬೇಕು. ಸೇರುವವರು ಯಾರು? ಪೊಲೀಸ್, ಸೇನೆಯ ನೇಮಕಾತಿಗೆ ಮೈ ಹುರಿಗೊಳಿಸುವ ಹುಡುಗರು, ಡಿಗ್ರಿ ಓದುವವರು, ಶುಗರ್ ಬಂದಿದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೆ ಮೈ ಬಗ್ಗಿಸಲು ಹೊರಟ ಅಂಗಡಿಕಾರರು, ಹೆರಿಗೆಯಾದ ಮೇಲೆ ತೂಕ ಇಳಿಸಬೇಕೆನ್ನುವ ಹೆಣ್ಣುಮಕ್ಕಳು. ಇವರಲ್ಲಿ ವರ್ಷಪೂರ್ತಿ ಇದೇ ಊರಲ್ಲಿರುತ್ತೇನೆ ಎಂದು ಖಾತ್ರಿ ಕೊಡಬಲ್ಲವರು ಕಡಿಮೆ. ನೇಮಕಾತಿ ಪತ್ರ ಬರುತ್ತದೆ, ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾಗುತ್ತದೆ, ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೊರಡುತ್ತಾರೆ. ಆದರೂ ಆಫರ್ ಇದೆಯೆಂದು ವರ್ಷದ ದುಡ್ಡನ್ನು ಒಮ್ಮೆಗೇ ಕಟ್ಟಿಬಿಡುತ್ತಾರೆ.

ಮೂರು ತಿಂಗಳಾದ ಮೇಲೆ "ಅಣ್ಣಾ, ಬೆಂಗಳೂರಿಗೆ ಹೊಂಟೀನಿ, ಉಳಿದ ದುಡ್ಡು ಕೊಡ್ರಿ" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಸಹಿ ಹಾಕಿಯಲ್ಲೋ ತಮ್ಮಾ, ಇನ್ನ ಏನೂ ಮಾಡಾಕ ಬರಂಗಿಲ್ಲ." ಹೇಳುವ ಮಾಲೀಕನೂ ಅದನ್ನು ನಂಬಿದ್ದಾನೆ, ಕೇಳಿಸಿಕೊಳ್ಳುವ ಹುಡುಗನೂ ನಂಬಿ ಹಿಂತಿರುಗುತ್ತಾನೆ. ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ.

"ಸಹಿ ಹಾಕಿದ ಮೇಲೆ ಮಾತೇ ಇಲ್ಲ"

ಓದದೆ ಹಾಕಿದ ಸಹಿಯೂ ಸಹಿಯೇ, ಇದು ನಿಜ. ಫಾರಂ ಇಂಗ್ಲಿಷಿನಲ್ಲಿತ್ತು, ನನಗೆ ತಿಳಿಯಲಿಲ್ಲ ಎಂದಷ್ಟೇ ಹೇಳಿ ಕಳಚಿಕೊಳ್ಳಲು ಬರುವುದಿಲ್ಲ. ಆದರೆ ಸಹಿ ಬಿದ್ದ ಕಾಗದದಲ್ಲಿರುವ ಪ್ರತಿಯೊಂದು ಷರತ್ತೂ ಊರ್ಜಿತ ಎನ್ನುವುದು ತಪ್ಪು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮು ಓದಿ ನೋಡಿ. ಕರಾರು ಮುರಿದವನು ಇಷ್ಟು ದಂಡ ಕೊಡಬೇಕೆಂದು ಮೊದಲೇ ಬರೆದಿದ್ದರೂ, ಎದುರಿನವನಿಗೆ ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರ ಮಾತ್ರ. ಬರೆದ ಅಂಕಿ ಗರಿಷ್ಠ ಮಿತಿ. ತನ್ನಷ್ಟಕ್ಕೆ ಸಿಗುವ ಹಕ್ಕಲ್ಲ. 1963ರ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಮತ್ತೂ ಬಿಡಿಸಿ, ನಷ್ಟವನ್ನು ಲೆಕ್ಕ ಹಾಕಲು ಸಾಧ್ಯವಿರುವಲ್ಲಿ ಅದನ್ನು ರುಜುವಾತು ಮಾಡಲೇಬೇಕು ಎಂದಿತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2020ರ ಜುಲೈ 20ರಿಂದ ಜಾರಿಗೆ ಬಂದ ಈ ಕಾಯ್ದೆಯ 2(46)ನೇ ಕಲಮಿನಲ್ಲಿ 'ಅನ್ಯಾಯದ ಕರಾರು' ಯಾವುದೆಂದು ಮೊದಲ ಬಾರಿಗೆ ಬರೆದರು. ಆದ ನಷ್ಟಕ್ಕೂ ವಿಧಿಸಿದ ದಂಡಕ್ಕೂ ತಾಳಮೇಳವಿಲ್ಲದಿದ್ದರೆ ಅದು ಅನ್ಯಾಯದ ಕರಾರು. ಸರಿಯಾದ ಕಾರಣವಿಲ್ಲದೆ ಒಬ್ಬರೇ ಕರಾರು ಮುಗಿಸಬಹುದು ಎಂಬ ಷರತ್ತೂ ಅದೇ ಸಾಲಿಗೆ ಸೇರುತ್ತದೆ. "ಯಾವುದೇ ಸದಸ್ಯರನ್ನು ಯಾವಾಗ ಬೇಕಾದರೂ ತೆಗೆಯುವ ಹಕ್ಕು ಆಡಳಿತಕ್ಕಿದೆ, ಹಣ ಹಿಂದಿರುಗಿಸುವುದಿಲ್ಲ" ಎಂಬ ಸಾಲನ್ನು ನಿಮ್ಮ ಫಾರಂನಲ್ಲಿ ಹುಡುಕಿ. ಸಿಕ್ಕರೆ, ಕಾಯ್ದೆ ಬೆರಳಿಟ್ಟು ತೋರಿಸಿದ್ದು ಅದನ್ನೇ.

ಕೊಳ್ಳುವವನಿಗೆ ಚುಕ್ಕೆ ಗೆರೆಯ ಮೇಲೆ ಸಹಿ ಹಾಕದೆ ಬೇರೆ ದಾರಿಯಿಲ್ಲದಿದ್ದಾಗ, ಬರೆದವನ ಪರವಾಗಿಯೇ ಇರುವ ಏಕಪಕ್ಷೀಯ ಷರತ್ತು ಅವನನ್ನು ಕಟ್ಟಿಹಾಕುವುದಿಲ್ಲ ಎಂದು 2019ರ ಪಯೊನಿಯರ್ ಅರ್ಬನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದು ಫ್ಲ್ಯಾಟ್ ಖರೀದಿಯ ವ್ಯಾಜ್ಯ ನಿಜ. ಆದರೆ ಅಚ್ಚು ಹಾಕಿಸಿಟ್ಟ ಫಾರಂನ ಒಂದಕ್ಷರವನ್ನೂ ಬದಲಿಸಲಾಗದ ಜಿಮ್ ಸದಸ್ಯನ ಸ್ಥಿತಿ ಅದಕ್ಕಿಂತ ಬೇರೆಯಲ್ಲ.

ಹಾಗಾದರೆ ಎಷ್ಟು ಹಿಡಿದುಕೊಳ್ಳುವುದು ನ್ಯಾಯ?

ಒಂದು ಲೆಕ್ಕ ಹಾಕೋಣ. ತಿಂಗಳಿಗಾದರೆ 800 ರೂಪಾಯಿ, ವರ್ಷದ್ದು ಒಮ್ಮೆಗೇ ಕಟ್ಟಿದರೆ 6,000 ಎಂಬ ದರ ಇದೆಯೆನ್ನಿ. ಮೂರು ತಿಂಗಳು ಬಂದವನು ನಿಲ್ಲಿಸುತ್ತಾನೆ. ದಿನದ ಲೆಕ್ಕದಲ್ಲಿ ನೋಡಿದರೆ 4,500 ಉಳಿದಿದೆ. ಮಾಲೀಕನಿಗೆ ಆದ ನಷ್ಟವೇನು? ಕಟ್ಟಡದ ಬಾಡಿಗೆ, ಕರೆಂಟ್ ಬಿಲ್ಲು, ಟ್ರೈನರ್ ಸಂಬಳ ಇವನೊಬ್ಬ ಬಿಟ್ಟ ಮಾತ್ರಕ್ಕೆ ಏರಲಿಲ್ಲ, ಇಳಿಯಲೂ ಇಲ್ಲ. ವರ್ಷದ ಗಿರಾಕಿ ಎಂದು ಕೊಟ್ಟ ರಿಯಾಯಿತಿಯನ್ನು ಅವನು ಮೂರು ತಿಂಗಳಿಗೇ ಬಳಸಿಕೊಂಡ, ನಷ್ಟ ಅಲ್ಲಿದೆ. ತಿಂಗಳ ದರದಲ್ಲಿ 2,400 ಕಟ್ಟಬೇಕಿದ್ದವನು 1,500ರಲ್ಲಿ ಮುಗಿಸಿದ, ವ್ಯತ್ಯಾಸ 900. ಸೇರುವಾಗಿನ ಕೆಲಸಕ್ಕೆ ಇನ್ನೊಂದು 500 ಹಿಡಿಯಲಿ. ಉಳಿದ 3,100 ರೂಪಾಯಿ ಸದಸ್ಯನದು. 900 ಹಿಡಿದರೆ ನಾನು ಮಾಲೀಕನ ಪರ ನಿಲ್ಲುತ್ತೇನೆ, ಪೂರ್ತಿ 4,500 ನುಂಗಿದರೆ ಅದು ನಷ್ಟಪರಿಹಾರವಲ್ಲ, ದಂಡ.

ಮಾಲೀಕರ ಕಷ್ಟವನ್ನೂ ಬಲ್ಲೆ. ಟ್ರೆಡ್‌ಮಿಲ್ಲಿಗೆ ಸಾಲ ಮಾಡಿದ್ದಾರೆ, ಕಂತು ನಿಲ್ಲುವುದಿಲ್ಲ, ಸಣ್ಣ ಊರಿನಲ್ಲಿ ಗಿರಾಕಿಗಳೂ ಕಡಿಮೆ. ಆದರೆ ಆ ಕಂತನ್ನು ಬಾರದವನ ಜೇಬಿನಿಂದ ಕಟ್ಟುವುದು ವ್ಯಾಪಾರದ ಕ್ರಮವಲ್ಲ.

"ಗ್ರಾಹಕ ಕೇಳಿದರೆ ಪೂರ್ತಿ ವಾಪಸ್ ಕೊಡಲೇಬೇಕು"

ಇದು ಎದುರು ಪಕ್ಷದ ತಪ್ಪು ಕಲ್ಪನೆ. ಸೇರಿ ಇಂತಿಷ್ಟು ದಿನದೊಳಗೆ ಮನಸ್ಸು ಬದಲಾದರೆ ಕಾರಣ ಹೇಳದೆ ಬಿಡಬಹುದು ಎಂಬ ಹಕ್ಕನ್ನು ನಮ್ಮ ಕಾನೂನು ಜಿಮ್ ಸದಸ್ಯರಿಗೆ ಕೊಟ್ಟಿಲ್ಲ. ಬೇಸರವಾಯಿತು, ಬೆಳಗ್ಗೆ ಏಳಲಾಗುತ್ತಿಲ್ಲ ಎಂದರೆ ಮಾಲೀಕನ ತಪ್ಪೇನೂ ಇಲ್ಲ; ಅಲ್ಲಿ ನ್ಯಾಯವಾದ ಕಡಿತಕ್ಕೆ ನೀವು ಒಪ್ಪಲೇಬೇಕು.

ಸೇವೆಯೇ ಸರಿಯಿಲ್ಲದಿದ್ದರೆ ಮಾತು ಬೇರೆ. ಹೆಂಗಸರಿಗೆ ಬೇರೆ ಸಮಯ, ಹೆಂಗಸರೇ ಟ್ರೈನರ್ ಎಂದು ಹೇಳಿ ಸೇರಿಸಿಕೊಂಡು ಆಮೇಲೆ ಅದನ್ನು ಕೈಬಿಟ್ಟರೆ, ಯಂತ್ರ ಕೆಟ್ಟು ತಿಂಗಳಾದರೂ ರಿಪೇರಿ ಮಾಡಿಸದಿದ್ದರೆ, ಅದು ಸೇವಾ ನ್ಯೂನತೆ. ಅಂಥ ಸೇವೆಯನ್ನು ನಿಲ್ಲಿಸಿ ಹಣ ಹಿಂದಿರುಗಿಸಲು ಒಪ್ಪದಿರುವುದನ್ನು ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ರಸೀದಿಯಲ್ಲಿ ಅವಧಿ ಹೇಳಿರದಿದ್ದರೆ 30 ದಿನದೊಳಗೆ ಹಣ ಕೊಡಬೇಕು. ಗೋಡೆಗೆ ಅಂಟಿಸಿದ "ಕಟ್ಟಿದ ಹಣ ವಾಪಸ್ ಇಲ್ಲ" ಎಂಬ ಬೋರ್ಡು ಈ ಹಕ್ಕನ್ನು ಅಳಿಸುವುದಿಲ್ಲ.

"ವರ್ಷದ ಪ್ಯಾಕೇಜೇ ಲಾಭ"

ದಿನವೂ ಹೋಗುವವನಿಗೆ ಲಾಭ. ಹೋಗುವವರೆಷ್ಟು ಎಂಬುದೇ ಪ್ರಶ್ನೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕ್ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್ಮುಗಳ 7,752 ಸದಸ್ಯರ ಹಾಜರಿ ಪರಿಶೀಲಿಸಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಮೇಲೆ ಕಟ್ಟುತ್ತಿದ್ದವರು ಬರುತ್ತಿದ್ದದ್ದು ತಿಂಗಳಿಗೆ ಸರಾಸರಿ 4.3 ಸಲ. ಒಂದು ಭೇಟಿಗೆ 17 ಡಾಲರ್ ಮೀರಿ ಬಿತ್ತು. ಅದೇ ಜಿಮ್ಮಿನಲ್ಲಿ ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಭೇಟಿಗೆ 10 ಡಾಲರ್ ಸಾಕಿತ್ತು. ಸೇರುವ ದಿನ ಇರುವ ಹುಮ್ಮಸ್ಸನ್ನೇ ನಂಬಿ ಮುಂದಿನ ಹನ್ನೆರಡು ತಿಂಗಳನ್ನು ಲೆಕ್ಕ ಹಾಕುವುದು ಮನುಷ್ಯ ಸ್ವಭಾವ. 2011ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಆಶ್‌ಬೋರ್ನ್ ಎಂಬ ಜಿಮ್ ನಿರ್ವಹಣಾ ಕಂಪನಿಯ ದೀರ್ಘಾವಧಿ ಕರಾರುಗಳನ್ನು ಅನ್ಯಾಯದವು ಎಂದು ತೀರ್ಮಾನಿಸುವಾಗ ಗ್ರಾಹಕನ ಈ ಅತಿಯಾದ ನಂಬಿಕೆಯನ್ನೂ ಗಮನಕ್ಕೆ ತೆಗೆದುಕೊಂಡಿತು. ಮೊದಲು ಒಂದು ತಿಂಗಳಿಗೆ ಕಟ್ಟಿ. 800 ರೂಪಾಯಿ ದುಬಾರಿಯಾಗಿ ಕಂಡರೂ 6,000ಕ್ಕಿಂತ ಅಗ್ಗ.

"ಮಾಲೀಕ ಬದಲಾದ, ಹಳೆಯ ಸದಸ್ಯತ್ವ ರದ್ದು"

ಹೊಸಬರು ಕೊಂಡುಕೊಂಡು "ಹಳೇ ಲೆಕ್ಕ ನಮಗೆ ಸಂಬಂಧ ಇಲ್ಲ" ಎನ್ನುವುದುಂಟು. ಸದಸ್ಯನ ಒಪ್ಪಿಗೆಯಿಲ್ಲದೆ, ಅವನಿಗೆ ತೊಂದರೆಯಾಗುವಂತೆ ಕರಾರನ್ನು ಇನ್ನೊಬ್ಬರಿಗೆ ದಾಟಿಸಲು ಬಿಡುವ ಷರತ್ತೂ 2(46)ರ ಪಟ್ಟಿಯಲ್ಲಿದೆ. ಹೊಸಬರು ಸೇವೆ ಕೊಡದಿದ್ದರೆ ದುಡ್ಡು ತೆಗೆದುಕೊಂಡ ಹಳಬರು ಉತ್ತರ ಹೇಳಬೇಕು. ಬಾಗಿಲೇ ಮುಚ್ಚಿದರೂ ಅಷ್ಟೇ, ಸಾಲ ಮುಂದುವರಿಯುತ್ತದೆ. ಆದರೆ ವಸೂಲಿ ಬೇರೆ ಸಂಗತಿ. 2019ರಲ್ಲಿ ತಲ್ವಲ್ಕರ್ಸ್ ಎಂಬ ದೊಡ್ಡ ಸರಪಣಿ ಸಾಲ ತೀರಿಸಲಾಗದೆ ಕುಸಿದಾಗ ಮುಂಗಡ ಕಟ್ಟಿದ್ದ ಸದಸ್ಯರು ಬೀಗ ನೋಡಿ ಹಿಂತಿರುಗಬೇಕಾಯಿತು. ಮುಂಗಡ ಚಿಕ್ಕದಿದ್ದಷ್ಟೂ ನಷ್ಟ ಚಿಕ್ಕದು.

ಇನ್ನು ಕೆಲವು ಚಿಕ್ಕ ತಪ್ಪು ತಿಳಿವಳಿಕೆಗಳು. ಜಿಎಸ್‌ಟಿ ಇಲ್ಲದ ಜಿಮ್ ಬಿಲ್ಲು ಕೊಡಬೇಕಿಲ್ಲ ಎನ್ನುತ್ತಾರೆ. ವರ್ಷದ ವಹಿವಾಟು 20 ಲಕ್ಷ ದಾಟದ ಜಿಮ್ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ ಎಂಬುದು ಸರಿ, ಆದರೆ ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ನೋಂದಣಿ ಇಲ್ಲದವರು ತೆರಿಗೆಯೆಂದು ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ. ಪಿಯುಸಿ ಓದುವ ಹದಿನೇಳರ ಹುಡುಗ ಸಹಿ ಹಾಕಿದ್ದರೆ ಉಳಿದ ಕಂತು ಅವನಿಂದ ವಸೂಲಿ ಮಾಡಲು ಬರುವುದಿಲ್ಲ. ಅಪ್ರಾಪ್ತರ ಕರಾರು ಕರಾರೇ ಅಲ್ಲ ಎಂದು 1903ರ ಮೊಹೋರಿ ಬೀಬೀ ಪ್ರಕರಣದಲ್ಲೇ ತೀರ್ಮಾನವಾಗಿದೆ. ಯುಪಿಐ ಆಟೊಪೇ ಹಾಕಿಕೊಂಡಿದ್ದರೆ ಅದನ್ನು ನಿಮ್ಮ ಫೋನಿನಲ್ಲೇ ರದ್ದು ಮಾಡಬಹುದು, ಜಿಮ್ಮಿನವರ ಅಪ್ಪಣೆ ಬೇಡ. ಫೈನಾನ್ಸ್ ಕಂಪನಿಯ ಇಎಂಐ ಮಾತ್ರ ಹಾಗಲ್ಲ. ಅದು ನೀವು ಮಾಡಿದ ಬೇರೆಯೇ ಸಾಲ. ಜಿಮ್ ಬಿಟ್ಟೆನೆಂದು ಕಂತು ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಕೆಡುವುದು ನಿಮ್ಮದೇ.

"ಮೂರು ಸಾವಿರಕ್ಕೆ ಯಾರು ಕೋರ್ಟು ಅಲೀತಾರೆ?"

ಈ ಒಂದು ಮಾತಿನಿಂದಲೇ ಬಹಳ ಜನರ ದುಡ್ಡು ಮುಳುಗಿದೆ. ಗ್ರಾಹಕ ಆಯೋಗಕ್ಕೆ ಹೋಗಲು ವಕೀಲರು ಬೇಕೆಂದಿಲ್ಲ. ಕಟ್ಟಿದ ಮೊತ್ತ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಕುಳಿತಲ್ಲೇ ದೂರು ಸಲ್ಲಿಸಬಹುದು. ನಮ್ಮ ಕಡೆಯವರಿಗೆ ಬಹಳ ಬೇಕಾದ ಸಂಗತಿ ಇನ್ನೊಂದಿದೆ: 2019ರ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರ ವಾಸವಿರುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ, ಅಲ್ಲಿನ ದೊಡ್ಡ ಕಂಪನಿಯ ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ, ಕೆಲಸ ಬಿಟ್ಟು ಕೊಟ್ಟೂರಿಗೆ ಮರಳಿದವರು ಮತ್ತೆ ಬೆಂಗಳೂರಿಗೆ ಓಡಬೇಕಿಲ್ಲ.

ದೂರು ಬರೆಯುವಾಗ ಒಂದು ಎಚ್ಚರ. "ಈ ಕರಾರು ಅನ್ಯಾಯದ್ದು, ರದ್ದುಪಡಿಸಿ" ಎಂದು ಕೇಳುವ ದೂರು ಕಾಯ್ದೆಯ 47ನೇ ಕಲಮಿನಂತೆ ರಾಜ್ಯ ಆಯೋಗಕ್ಕೆ ಹೋಗುತ್ತದೆ, ಮೊತ್ತ ಎಷ್ಟೇ ಚಿಕ್ಕದಿರಲಿ. ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಳಿದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಮೂರು ಸಾವಿರದ ವ್ಯಾಜ್ಯವನ್ನು ರಾಜ್ಯ ಆಯೋಗಕ್ಕೆ ಕಳಿಸುವ ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಅನ್ಯಾಯದ ಕರಾರನ್ನು ಗುರುತಿಸುವ ಅಧಿಕಾರ ಮೊದಲು ಬೇಕಾಗಿರುವುದು ಜಿಲ್ಲೆಯಲ್ಲಿ, ಏಕೆಂದರೆ ಅಂಥ ಕರಾರಿಗೆ ಸಿಲುಕುವ ಸಣ್ಣ ಗಿರಾಕಿ ಇರುವುದು ಜಿಲ್ಲೆಯಲ್ಲಿ.

ದೂರಿಗೂ ಮೊದಲು ಮಾಡಬೇಕಾದದ್ದು ಸುಲಭ. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ವಾಟ್ಸ್‌ಆ್ಯಪ್ ಆದರೂ ಸಾಕು. ಯಾವ ದಿನದಿಂದ ನಿಲ್ಲಿಸುತ್ತೀರಿ, ಏಕೆ, ಎಷ್ಟು ಬರಬೇಕು, ಆ ಲೆಕ್ಕ ಹೇಗೆ ಬಂತು ಎಂಬುದು ಅದರಲ್ಲಿರಲಿ. ನೇಮಕಾತಿ ಪತ್ರವೋ ಡಾಕ್ಟರ ಚೀಟಿಯೋ ಇದ್ದರೆ ಫೋಟೊ ಜೊತೆಗಿಡಿ. ಬರೆದದ್ದನ್ನು ಕಂಡ ಮೇಲೆ ಎಷ್ಟೋ ಮಾಲೀಕರು ಕೂತು ಮಾತಾಡಲು ಒಪ್ಪುತ್ತಾರೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಲೋಕ ಅದಾಲತ್‌ನಲ್ಲಿ ರಾಜಿಯ ದಾರಿಯೂ ಇದೆ. ಅಲ್ಲೂ ಬಗೆಹರಿಯದಿದ್ದರೆ ಆಯೋಗ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಗೆದ್ದ ಆದೇಶವನ್ನು ಪಾಲಿಸದವರಿಗೆ 72ನೇ ಕಲಮಿನಡಿ ಕನಿಷ್ಠ ಒಂದು ತಿಂಗಳ ಜೈಲು ಅಥವಾ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.