ದಂಡ ಕಟ್ಟದ ಅಜ್ಜಿಗೆ ಒಂದು ಪ್ರಶ್ನೆ

ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಕಿತ್ತೂರು ಚೆನ್ನಮ್ಮನಾಗಿ ಕತ್ತಿ ಹಿಡಿದು ನಿಂತವರು ನಿಮ್ಮಲ್ಲೂ ಇರಬಹುದು. ಎರಡು ಮಾತು ಹೇಳಿ, ಚಪ್ಪಾಳೆ ಗಿಟ್ಟಿಸಿ ಇಳಿದುಬಂದರೆ ಮುಗಿಯಿತು. ಆದರೆ ಸಭೆಯಲ್ಲಿ ಯಾರಾದರೂ ಎದ್ದು, ‘ಚೆನ್ನಮ್ಮನವರೇ, ಆ ದಿನ ನಿಮಗೆ ಭಯವಾಗಲಿಲ್ಲವೇ?’ ಎಂದು ಕೇಳಿಬಿಟ್ಟರೆ?

ಹೀಗೆ ಕೇಳುವುದೇ ಪದ್ಧತಿಯಾಗಿರುವ ಕಲೆಯೊಂದು ಅಮೆರಿಕದಲ್ಲಿದೆ. ಅದಕ್ಕೆ ‘ಲಿವಿಂಗ್ ಹಿಸ್ಟರಿ’, ಅಂದರೆ ಜೀವಂತ ಇತಿಹಾಸ ಎನ್ನುತ್ತಾರೆ. ಗ್ರಂಥಾಲಯ, ಶಾಲೆ, ವಸ್ತುಸಂಗ್ರಹಾಲಯಗಳಲ್ಲಿ ಕಲಾವಿದೆಯೊಬ್ಬರು ಹಿಂದಿನ ಕಾಲದ ಹೆಸರಾಂತ ಮಹಿಳೆಯ ಉಡುಪು ತೊಟ್ಟು ‘ನಾನು’ ಎಂದೇ ಮಾತಾಡುತ್ತಾರೆ. ‘ಶಟಾಕ್ವಾ’ ಎಂಬ ಬಗೆಯ ಪ್ರದರ್ಶನದಲ್ಲಿ ಮೂರು ಹಂತಗಳು. ಮೊದಲು ಪಾತ್ರದ ಮಾತು. ಆಮೇಲೆ ಪಾತ್ರಕ್ಕೆ ಸಭಿಕರ ಪ್ರಶ್ನೆ. ಕೊನೆಗೆ ಕಲಾವಿದೆ ಪಾತ್ರದಿಂದ ಹೊರಬಂದು, ತಾವು ಓದಿ ತಿಳಿದದ್ದರ ಮೇಲೆ ಉತ್ತರ ಕೊಡುತ್ತಾರೆ.

ಇಂಥ ಪಾತ್ರಗಳಲ್ಲಿ ಸೂಸನ್ ಬಿ. ಆಂಟನಿ ಒಬ್ಬರು. ಕಪ್ಪು ಉಡುಪು, ಹೆಗಲ ಮೇಲೆ ಕೆಂಪು ಶಾಲು. ಹೆಂಗಸರಿಗೆ ಮತದ ಹಕ್ಕಿಲ್ಲದ 1872ರಲ್ಲಿ ಆಕೆ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಮತ ಹಾಕಿಯೇಬಿಟ್ಟರು. ಎರಡು ವಾರದೊಳಗೆ ಬಂಧನ. ಮರುವರ್ಷ ನ್ಯಾಯಾಧೀಶರು ಜ್ಯೂರಿಗೆ ಚರ್ಚಿಸಲೂ ಬಿಡದೆ ಆಕೆಯನ್ನು ತಪ್ಪಿತಸ್ಥೆ ಎಂದು ತೀರ್ಮಾನಿಸಿ 100 ಡಾಲರ್ ದಂಡ ಹಾಕಿದರು. ಒಂದು ಡಾಲರನ್ನೂ ಕೊಡುವುದಿಲ್ಲವೆಂದು ಅವರೆದುರೇ ಹೇಳಿದ ಆಂಟನಿ, ಕೊನೆಯವರೆಗೂ ಕೊಡಲಿಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಮುದುಕನಾದ ನನಗೆ ಇಷ್ಟು ಗೌರವದ ಬಾಕಿ ಇನ್ನೊಂದು ಕಂಡಿಲ್ಲ!

‘ಅಜ್ಜೀ, ಕೊನೆಗೆ ನಿಮಗೆ ಮತದ ಹಕ್ಕು ಸಿಕ್ಕಿತೇ?’ ಎಂದು ಮಗುವೊಂದು ಕೇಳಿತೆನ್ನಿ. ಕಲಾವಿದೆಗೆ ಕಠಿಣ ಪರೀಕ್ಷೆ ಇದೇ. ಉತ್ತರ ಕಲಾವಿದೆಗೆ ಗೊತ್ತು, ಆಂಟನಿಗೆ ಗೊತ್ತಿಲ್ಲ. ಆಂಟನಿ ತೀರಿಕೊಂಡದ್ದು 1906ರಲ್ಲಿ. ಮಹಿಳೆಯರ ಮತದ ಹಕ್ಕಿನ ಸಂವಿಧಾನ ತಿದ್ದುಪಡಿ ಬಂದದ್ದು 1920ರಲ್ಲಿ. ಹಾಗಾಗಿ ಪಾತ್ರದಲ್ಲಿರುವಷ್ಟು ಹೊತ್ತೂ ‘ಇನ್ನೂ ಇಲ್ಲ ಮಗೂ’ ಎಂದೇ ಹೇಳಬೇಕು. 1920ರ ಸುದ್ದಿಯೇನಿದ್ದರೂ ಶಾಲು ತೆಗೆದಿಟ್ಟ ಮೇಲೆ. ಹಣ್ಣು ಕಾಣದೆಯೇ ಗಿಡಕ್ಕೆ ನೀರೆರೆದವರ ಬದುಕು ಎಂಥದೆಂದು ಮಕ್ಕಳಿಗೆ ಆಗ ಹೊಳೆಯುತ್ತದೆ.

ಹ್ಯಾರಿಯಟ್ ಟಬ್‌ಮನ್ ಪಾತ್ರದ ತೊಡಕೇ ಬೇರೆ. 1849ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಆಕೆಗೆ ಓದುಬರಹ ಬಾರದು. ಆಕೆಯ ಮಾತುಗಳನ್ನು ಬರೆದಿಟ್ಟವರು ಬೇರೆಯವರು. ಆಕೆ 300 ಜನರನ್ನು ಬಿಡಿಸಿ ತಂದರೆಂಬ ಮಾತು ಬಹುಕಾಲ ಓಡಾಡಿತು. ಇತಿಹಾಸಕಾರರು ಒಪ್ಪುವ ಲೆಕ್ಕ ಸುಮಾರು 13 ಪ್ರಯಾಣ, 70 ಜನ. ಒಳ್ಳೆಯ ಕಲಾವಿದೆ 70 ಎಂದೇ ಹೇಳಬೇಕು. ಜೀವ ಪಣಕ್ಕಿಟ್ಟು ಮತ್ತೆ ಮತ್ತೆ ಹಿಂತಿರುಗಿ ಹೋದವರಿಗೆ 70 ಕಡಿಮೆಯೇ?

ನನಗೊಂದು ಪ್ರಶ್ನೆಯ ಅವಕಾಶ ಸಿಕ್ಕರೆ ಮ್ಯಾಗಿ ವಾಕರ್ ಅವರನ್ನು ಕೇಳುತ್ತೇನೆ. ಊರವರ ಬಟ್ಟೆ ಒಗೆದು ಸಂಸಾರ ಸಾಗಿಸಿದ ತಾಯಿಯ ಮಗಳು. 1903ರಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಬ್ಯಾಂಕ್ ತೆರೆದು, ಅಮೆರಿಕದಲ್ಲಿ ಬ್ಯಾಂಕ್ ಸ್ಥಾಪಿಸಿದ ಮೊದಲ ಕಪ್ಪು ಮಹಿಳೆ ಎನಿಸಿದರು. ಮೊದಲ ದಿನ ಒಬ್ಬರು ಬರೇ 31 ಸೆಂಟ್‌ನಿಂದ ಖಾತೆ ತೆರೆದರಂತೆ. ‘ತಾಯೀ, ಆ 31 ಸೆಂಟ್ ತಂದವರ ಮುಖ ನಿಮಗೆ ನೆನಪಿದೆಯೇ?’

ಮಕ್ಕಳೇ, ಮುಂದಿನ ಛದ್ಮವೇಷದಲ್ಲಿ ಚಪ್ಪಾಳೆ ಬಿದ್ದ ಕೂಡಲೇ ಇಳಿಯಬೇಡಿ. ‘ಈಗ ಪ್ರಶ್ನೆ ಕೇಳಿ’ ಎನ್ನಿ. ಅದಕ್ಕೆ ಮೊದಲು ಚೆನ್ನಾಗಿ ಓದಿಕೊಂಡು, ಮನೆಯಲ್ಲಿ ಅಜ್ಜಿ ತಾತನ ಮುಂದೆ ನಿಂತು ಅಭ್ಯಾಸ ಮಾಡಿ. ನಾವು ಸುಲಭದ ಪ್ರಶ್ನೆ ಕೇಳುವವರಲ್ಲ!